10 ಪ್ಯಾನೆಲ್, ಒಂದು ಇನ್ವರ್ಟರ್: ಒಂದೇ ಉದ್ದದ ಸ್ಟ್ರಿಂಗಾ, ಎರಡು ಚಿಕ್ಕದಾ, ಐದು ಪುಟಾಣಿನಾ?

540 ವ್ಯಾಟಿನ 10 ಸೋಲಾರ್ ಪ್ಯಾನೆಲ್ ಇದೆ, ಇನ್ವರ್ಟರ್ ಮೇಲೆ ಮ್ಯಾಕ್ಸಿಮಮ್ ಪಿವಿ (ಅಂದ್ರೆ ಪ್ಯಾನೆಲ್ ಕಡೆಯ) ವೋಲ್ಟೇಜ್ 500 ಅಂತ ಬರ್ದಿದೆ, ಪ್ಯಾನೆಲ್ ಹಿಂದಿನ ಸ್ಟಿಕ್ಕರಲ್ಲಿ ವಿಓಸಿ (ಲೋಡ್ ಏನೂ ಇಲ್ಲದಾಗಿನ ವೋಲ್ಟೇಜ್) 49.5 ವೋಲ್ಟ್ ಅಂತಿದೆ ಅಂದ್ಕೊಳ್ಳಿ. ಹತ್ತನ್ನೂ ಸಾಲಾಗಿ ಸೀರೀಸಲ್ಲಿ, ಅಂದ್ರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರ್ಸಿ ಒಂದೇ ಸ್ಟ್ರಿಂಗ್ ಮಾಡಿದ್ರೆ, ವೋಲ್ಟೇಜ್ ಎಲ್ಲಾ ಕೂಡಿ 495, ಐನೂರಕ್ಕೆ ಇನ್ನೂ ಐದು ಬಾಕಿ, ಸರಿಹೋಯ್ತಲ್ಲ ಅನ್ಸತ್ತೆ. ಸರಿಹೋಗಿಲ್ಲ. ಆ 49.5 ಅನ್ನೋದು ಸೆಲ್ಲಿನ ಬಿಸಿ 25 ಡಿಗ್ರಿ ಇದ್ದಾಗ ಲ್ಯಾಬಲ್ಲಿ ಅಳೆದ ಲೆಕ್ಕ. ಸೆಲ್ 21 ಡಿಗ್ರಿಗೆ ಇಳಿದ್ರೆ ಸಾಕು, ಈ ಸ್ಟ್ರಿಂಗ್ 500 ದಾಟತ್ತೆ, 5 ಡಿಗ್ರಿಯ ಚಳಿ ಬೆಳಗ್ಗೆ 522ರ ಹತ್ರ ಹೋಗಿ ನಿಲ್ಲತ್ತೆ. ಇನ್ವರ್ಟರ್ ಹೋಗೋಕೆ ಅಷ್ಟು ಸಾಕು.

ಹಾಗಾಗಿ ಎಷ್ಟು ಕಿಲೋವ್ಯಾಟ್ ಅನ್ನೋ ಪ್ರಶ್ನೆನ ಕೊನೆಗೆ ಇಟ್ಕೊಳ್ಳಿ. ಮೊದಲು ಚಳಿ ಬೆಳಗಿನ ವೋಲ್ಟೇಜ್, ಆಮೇಲೆ ಸುಡುಬಿಸಿಲಿನ ವೋಲ್ಟೇಜ್, ಆಮೇಲೆ ಆಂಪ್, ಅದಾದ್ಮೇಲೆ ವ್ಯಾಟ್. ಈ ಕ್ರಮದಲ್ಲಿ ಹೋದ್ರೆ ಯಾವ ಜೋಡಣೆ ಆರಿಸ್ಬೇಕು ಅನ್ನೋದು ಬಹುಪಾಲು ತಾನಾಗೇ ತೀರ್ಮಾನ ಆಗತ್ತೆ.

ಯಾವ ನಂಬರ್ ದಾಟಿದ್ರೆ ಏನಾಗತ್ತೆ

ಮ್ಯಾನುಯಲ್ಲಲ್ಲಿ ಇರೋ ಎಲ್ಲಾ ಲಿಮಿಟ್ಟುಗಳೂ ಒಂದೇ ತೂಕದವಲ್ಲ. ಕೆಲವು ದಾಟಿದ್ರೆ ಒಂಚೂರು ಕರೆಂಟ್ ಸಿಗದೇ ಹೋಗತ್ತೆ ಅಷ್ಟೇ, ಕೆಲವು ದಾಟಿದ್ರೆ ಬೋರ್ಡೇ ಹೋಗತ್ತೆ.

ವ್ಯಾಟ್ ಜಾಸ್ತಿ ಆಗೋದು ಮೊದಲ್ನೇ ಜಾತಿದು. 5 ಕಿಲೋವ್ಯಾಟ್ ಇನ್ವರ್ಟರಿಗೆ 6 ಕಿಲೋವ್ಯಾಟ್ ಪ್ಯಾನೆಲ್ ಹಾಕಿದ್ರೆ ಇನ್ವರ್ಟರ್ ತನಗೆ ಬೇಕಾದಷ್ಟೇ ಎಳ್ಕೊಳತ್ತೆ. ಹೇಗೆ ಅಂದ್ರೆ ಪ್ಯಾನೆಲ್ ಅತಿ ಹೆಚ್ಚು ಪವರ್ ಕೊಡೋ ಜಾಗದಿಂದ ವೋಲ್ಟೇಜನ್ನ ಸ್ವಲ್ಪ ಮೇಲಕ್ಕೆ ಜರುಗಿಸತ್ತೆ, ಆಗ ಆಂಪ್ ಕಮ್ಮಿಯಾಗಿ ಪವರ್ ಇಳಿಯತ್ತೆ. ಮಧ್ಯಾಹ್ನ ಸ್ವಲ್ಪ ಹೊತ್ತು ಗ್ರಾಫ್ ಚಪ್ಪಟೆಯಾಗತ್ತೆ, ಬದಲಿಗೆ ಬೆಳಗ್ಗೆ ಸಂಜೆ ಜಾಸ್ತಿ ಸಿಗತ್ತೆ. 1.2, 1.3 ಪಟ್ಟು ಪ್ಯಾನೆಲ್ ಹಾಕೋದು ಮಾಮೂಲಿ. ಮ್ಯಾನುಯಲ್ಲಲ್ಲಿ ಮ್ಯಾಕ್ಸಿಮಮ್ ಪಿವಿ ಪವರ್ ಅಂತ ಬೇರೆ ನಂಬರ್ ಕೊಟ್ಟಿದ್ರೆ ಮಾತ್ರ ಅದರೊಳಗೇ ಇರಿ.

ವೋಲ್ಟೇಜ್ ವಿಷ್ಯದಲ್ಲಿ ಇನ್ವರ್ಟರಿಗೆ ಇಂಥಾ ಯಾವ ಹಿಡಿತಾನೂ ಇಲ್ಲ. ಪ್ಯಾನೆಲ್ ಎಷ್ಟು ವೋಲ್ಟ್ ತಂದು ಬಾಗಿಲಿಗೆ ನಿಲ್ಸತ್ತೋ ಅಷ್ಟೂ ನೇರವಾಗಿ ಒಳಗಿನ ಕೆಪಾಸಿಟರ್, ಟ್ರಾನ್ಸಿಸ್ಟರ್ ಮೇಲೆ ಬೀಳತ್ತೆ, ಇನ್ವರ್ಟರ್ ಆನ್ ಇರಲಿ ಆಫ್ ಇರಲಿ. ಅದೂ ಅತಿ ಹೆಚ್ಚು ವೋಲ್ಟೇಜ್ ಬರೋದು ಯಾವಾಗ ಗೊತ್ತಾ, ಸೂರ್ಯ ಆಗಷ್ಟೇ ಮೂಡಿದಾಗ. ರಾತ್ರಿಯೆಲ್ಲಾ ಪ್ಯಾನೆಲ್ ತಣ್ಣಗಾಗಿರತ್ತೆ, ಇನ್ವರ್ಟರ್ ಇನ್ನೂ ಎದ್ದಿರಲ್ಲ, ಲೋಡ್ ಸೊನ್ನೆ. ಆಂಪ್ ಬಿಸಿಲಿನ ಜೊತೆ ನಿಧಾನಕ್ಕೆ ಏರತ್ತೆ ಆದ್ರೆ ವೋಲ್ಟೇಜ್ ಹಾಗಲ್ಲ, ಸ್ವಲ್ಪ ಬೆಳಕಾದ್ರೆ ಸಾಕು ಹತ್ತಿರತ್ತಿರ ಪೂರ್ತಿ ಬಂದ್ಬಿಡತ್ತೆ. ಚಳಿಗಾಲದ ತಿಳಿ ಮಧ್ಯಾಹ್ನ ಗ್ರಿಡ್ ಹೋದಾಗ, ಬ್ಯಾಟರಿ ತುಂಬಿ ಲೋಡ್ ಇಲ್ಲದಾಗಲೂ ಇದೇ ಕತೆ, ಸ್ಟ್ರಿಂಗ್ ಪೂರ್ತಿ ವಿಓಸಿಗೆ ಹೋಗಿ ಕೂರತ್ತೆ.

ಚಳಿ ಲೆಕ್ಕ, ಬಿಸಿಲು ಲೆಕ್ಕ

ಡೇಟಾಶೀಟಲ್ಲಿ ವಿಓಸಿ ಟೆಂಪರೇಚರ್ ಕೋಎಫಿಶಿಯೆಂಟ್ ಅಂತ ಒಂದು ಸಾಲಿರತ್ತೆ, ಬಿಸಿ ಒಂದು ಡಿಗ್ರಿ ಏರಿದ್ರೆ ವೋಲ್ಟೇಜ್ ಎಷ್ಟು ಬೀಳತ್ತೆ, ಇಳಿದ್ರೆ ಎಷ್ಟು ಏರತ್ತೆ ಅನ್ನೋ ಲೆಕ್ಕ ಅದು, ಸಿಲಿಕಾನ್ ಪ್ಯಾನೆಲ್ಲುಗಳಲ್ಲಿ ಸಾಮಾನ್ಯವಾಗಿ ಡಿಗ್ರಿಗೆ ಮೈನಸ್ 0.25ರಿಂದ 0.30 ಪರ್ಸೆಂಟ್ ಒಳಗೆ ಇರತ್ತೆ. ನಮ್ಮ ಉದಾಹರಣೆಗೆ 0.27 ಇಟ್ಕೊಳ್ಳೋಣ. ಕೆಲವು ಕಂಪನಿಗಳು ಇದನ್ನ ಪರ್ಸೆಂಟಲ್ಲಿ ಕೊಡದೆ ಮಿಲಿವೋಲ್ಟಲ್ಲಿ ಕೊಡ್ತಾರೆ, ನೋಡ್ಕೊಳ್ಳಿ, ಅದನ್ನ ಪರ್ಸೆಂಟ್ ಅಂತ ಓದಿದ್ರೆ ಲೆಕ್ಕ ಎಲ್ಲೋ ಹೋಗತ್ತೆ. ಪಕ್ಕದ ಸಾಲಲ್ಲೇ ಪವರ್ ಕೋಎಫಿಶಿಯೆಂಟ್ ಇರತ್ತೆ, ಅದು ಬೇರೆ, ಅದನ್ನ ಇಲ್ಲಿಗೆ ತರಬೇಡಿ.

ನಿಮ್ಮ ಜಾಗದಲ್ಲಿ ದಾಖಲಾಗಿರೋ ಅತಿ ಕಮ್ಮಿ ಟೆಂಪರೇಚರ್ ತಗೊಳ್ಳಿ, ಚಳಿಗಾಲದ ಸರಾಸರಿ ಅಲ್ಲ, ದಾಖಲೆ. 25ರಿಂದ ಅದನ್ನ ಕಳೀರಿ, ಬಂದಿದ್ದನ್ನ 0.27ರಿಂದ ಗುಣಿಸಿ, ಅಷ್ಟು ಪರ್ಸೆಂಟನ್ನ ವಿಓಸಿಗೆ ಸೇರ್ಸಿ. 5 ಡಿಗ್ರಿ ಅಂದ್ರೆ 20 ಡಿಗ್ರಿ ವ್ಯತ್ಯಾಸ, 5.4 ಪರ್ಸೆಂಟ್, 49.5 ಇದ್ದದ್ದು 52.2 ಆಗತ್ತೆ. 0 ಡಿಗ್ರಿಗೆ 52.8. ಮೈನಸ್ 10ಕ್ಕೆ 54.2. ಡೇಟಾಶೀಟ್ ಕಳೆದುಹೋಗಿರೋ ಹಳೇ ಪ್ಯಾನೆಲ್ಲಾದ್ರೆ ಅಮೆರಿಕದ ಎಲೆಕ್ಟ್ರಿಕಲ್ ಕೋಡಲ್ಲಿ ಒಂದು ರೆಡಿ ಪಟ್ಟಿ ಇದೆ: 5ರಿಂದ 9 ಡಿಗ್ರಿಗೆ 1.08, 0ಯಿಂದ 4ಕ್ಕೆ 1.10, ಮೈನಸ್ 6ರಿಂದ ಮೈನಸ್ 10ಕ್ಕೆ 1.14 ಪಟ್ಟು. ಅದು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿನೇ ಹೇಳತ್ತೆ, ಸೇಫ್ ಕಡೆಗೇ ಇರತ್ತೆ.

ಇಷ್ಟಾದ್ಮೇಲೂ ಅಂಚಿನವರೆಗೆ ಹೋಗಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತಿಳಿ ಆಕಾಶದ ರಾತ್ರೀಲಿ ಪ್ಯಾನೆಲ್ಲಿನ ಗಾಜು ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಕೆಳಗೆ ಇಳಿಯತ್ತೆ, ಜೊತೆಗೆ ವಿಓಸಿಗೇ ಎಷ್ಟೋ ಡೇಟಾಶೀಟಲ್ಲಿ ಪ್ಲಸ್ ಮೈನಸ್ 3 ಪರ್ಸೆಂಟ್ ಟಾಲರೆನ್ಸ್ ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ. ಅದಕ್ಕೇ ಚಳಿ ಲೆಕ್ಕ ಹಾಕಿದ ಮೇಲೂ ಇನ್ವರ್ಟರ್ ಲಿಮಿಟ್ಟಿನ 95 ಪರ್ಸೆಂಟ್ ಒಳಗೇ ನಿಲ್ಲಿ. 500ರ ಇನ್ವರ್ಟರಿಗೆ 475.

ಬಿಸಿಲಿನ ಕಡೆ ಉಲ್ಟಾ. ಸುಡೋ ಮಧ್ಯಾಹ್ನ ಸೆಲ್ ಗಾಳಿಗಿಂತ 25, 30 ಡಿಗ್ರಿ ಜಾಸ್ತಿ ಕಾಯ್ದಿರತ್ತೆ, 70 ಡಿಗ್ರಿ ಅಂತ ಹಿಡೀರಿ. ಆಗ ನೋಡಬೇಕಾಗಿರೋದು ವಿಓಸಿ ಅಲ್ಲ, ಕೆಲಸ ಮಾಡುವಾಗಿನ ವೋಲ್ಟೇಜ್, ಅಂದ್ರೆ ವಿಎಂಪಿ. ನಮ್ಮ ಪ್ಯಾನೆಲ್ಲಿಗೆ ಅದು 41.6. ಇಲ್ಲಿ ಪವರ್ ಕೋಎಫಿಶಿಯೆಂಟನ್ನೇ ಬಳಸಿದ್ರೆ ಸೇಫ್, 0.35 ಅಂತಿಟ್ಕೊಂಡ್ರೆ 45 ಡಿಗ್ರಿಗೆ ಸುಮಾರು 16 ಪರ್ಸೆಂಟ್ ಬಿದ್ದು 35 ವೋಲ್ಟಿಗೆ ಬರತ್ತೆ. ಇನ್ವರ್ಟರಿನ ಎಂಪಿಪಿಟಿ (ಪ್ಯಾನೆಲ್ ಅತಿ ಹೆಚ್ಚು ಪವರ್ ಕೊಡೋ ವೋಲ್ಟೇಜನ್ನ ಹುಡುಕ್ತಾ ಇರೋ ಭಾಗ) ರೇಂಜ್ 120ರಿಂದ 450 ಅಂತಿದ್ರೆ, 3 ಪ್ಯಾನೆಲ್ ಸ್ಟ್ರಿಂಗ್ ಸ್ಟಿಕ್ಕರ್ ಲೆಕ್ಕದಲ್ಲಿ 124.8, ಪಾಸ್. ಮಧ್ಯಾಹ್ನದ ಲೆಕ್ಕದಲ್ಲಿ 105, ಫೇಲ್. ಒಳ್ಳೇ ಬಿಸಿಲಿರುವಾಗಲೇ ಇನ್ವರ್ಟರ್ ಟ್ರ್ಯಾಕಿಂಗ್ ಬಿಟ್ಟು ಕೂರತ್ತೆ, ಸಂಜೆ ತಂಪಾದಾಗ ಮತ್ತೆ ಶುರುವಾಗತ್ತೆ, ಇನ್ವರ್ಟರ್ ಕೆಟ್ಟಿದೆ ಅಂತ ಜನ ಕಂಪ್ಲೇಂಟ್ ಮಾಡ್ತಾರೆ. 4 ಹಾಕಿದ್ರೆ 140, ಕೆಲಸ ಆಗತ್ತೆ, ಆದ್ರೆ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ರೆ ಮತ್ತೆ ತಳಕ್ಕೆ ಹತ್ರ. 5 ಆದ್ರೆ 175, ನೆಮ್ಮದಿ.

ಈಗ ಆಯ್ಕೆಗಳು

ಹತ್ತೂ ಒಂದೇ ಸ್ಟ್ರಿಂಗ್ ಅನ್ನೋದು ಮೊದಲೇ ಬಿದ್ದುಹೋಯ್ತು. 9 ಹಾಕಿ ಒಂದನ್ನ ಬಿಟ್ರೆ? 5 ಡಿಗ್ರಿಗೆ 470, 0 ಡಿಗ್ರಿಗೆ 475ರ ಆಸುಪಾಸು. ಅದಕ್ಕಿಂತ ಕೆಳಗೆ ಇಳಿಯದ ಜಾಗಕ್ಕೆ ಓಕೆ, ಹೆಪ್ಪುಗಟ್ಟೋ ಜಾಗಕ್ಕೆ 8 ಸರಿ. ಉದ್ದ ಸ್ಟ್ರಿಂಗಿನ ಲಾಭ ನಿಜವಾದ್ದೇ: ಒಂದೇ ಜೋಡಿ ಕೇಬಲ್, ಫ್ಯೂಸ್ ಬೇಡ, 13 ಆಂಪಷ್ಟೇ ಹರಿಯೋದು. 6 ಚದರ ಮಿಲಿಮೀಟರ್ ಸೋಲಾರ್ ಕೇಬಲ್ ಹೋಗಿಬರೋ ದಾರಿ ಸೇರಿ 40 ಮೀಟರ್ ಇದ್ರೆ ಅದರ ರೆಸಿಸ್ಟೆನ್ಸ್ ಸುಮಾರು 0.135 ಓಮ್, 13 ಆಂಪಿಗೆ ಕೇಬಲ್ಲಲ್ಲಿ ಬಿಸಿಯಾಗಿ ಹೋಗೋದು ಬರೀ 23 ವ್ಯಾಟ್. ಛಾವಣಿಯೆಲ್ಲಾ ಒಂದೇ ದಿಕ್ಕಿಗೆ, ನೆರಳಿಲ್ಲ, ಪ್ಯಾನೆಲ್ ಎಲ್ಲಾ ಒಂದೇ ಮಾಡೆಲ್ ಅಂದ್ರೆ ಒಂದು ಉದ್ದ ಸ್ಟ್ರಿಂಗ್ ಚೆನ್ನಾಗೇ ಕೆಲಸ ಮಾಡತ್ತೆ.

5 ಪ್ಯಾನೆಲ್ಲಿನ ಎರಡು ಸ್ಟ್ರಿಂಗ್ ಮಾಡಿ, ಎರಡನ್ನೂ ಪ್ಯಾರಲಲ್ಲಲ್ಲಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರ್ಸಿ) ಒಂದೇ ಎಂಪಿಪಿಟಿಗೆ ಕೊಡೋದು ಎರಡನೇ ದಾರಿ. ಚಳೀಲಿ 261 ವೋಲ್ಟ್, ಬಿಸಿಲಲ್ಲಿ 175, ಎರಡು ಕಡೆಗೂ ಧಾರಾಳ ಜಾಗ ಇದೆ. ಆಂಪ್ ಮಾತ್ರ ಡಬಲ್ ಆಗತ್ತೆ, ಕೆಲಸ ಮಾಡುವಾಗ 26, ಶಾರ್ಟ್ ಸರ್ಕ್ಯೂಟ್ ಲೆಕ್ಕದಲ್ಲಿ 27.7. ಛಾವಣಿ ಮೇಲೇ ವೈ ಕನೆಕ್ಟರ್ ಹಾಕಿ ಒಂದೇ ಜೋಡಿ ಕೇಬಲ್ ಕೆಳಗಿಳಿಸಿದ್ರೆ ಅದೇ 40 ಮೀಟರಲ್ಲಿ 23 ಇದ್ದ ನಷ್ಟ 91 ವ್ಯಾಟಿಗೆ ಹೋಗತ್ತೆ, ಆಂಪ್ ಎರಡು ಪಟ್ಟಾದ್ರೆ ನಷ್ಟ ನಾಲ್ಕು ಪಟ್ಟು. ಎರಡು ಜೋಡಿ ಕೇಬಲ್ ಬೇರೆಬೇರೆ ಇಳಿಸಿ ಇನ್ವರ್ಟರ್ ಪಕ್ಕ ಸೇರ್ಸೋದು ಒಳ್ಳೇದು, ಒಂದೊಂದು ಸ್ಟ್ರಿಂಗನ್ನೂ ಬೇರೆಯಾಗಿ ಅಳೆಯೋಕೂ ಆಗತ್ತೆ.

ಇನ್ವರ್ಟರಲ್ಲಿ ಎರಡು ಎಂಪಿಪಿಟಿ ಇದ್ರೆ ಯೋಚ್ನೆ ಮಾಡೋದೇ ಬೇಡ, ಒಂದೊಂದಕ್ಕೆ ಒಂದೊಂದು ಸ್ಟ್ರಿಂಗ್ ಕೊಡಿ. ನನ್ನ ಕೇಳಿದ್ರೆ ಮನೆಗೆ ಇದೇ ಅತ್ಯುತ್ತಮ. ಒಂದು ಸ್ಟ್ರಿಂಗಿಗೆ ನೆರಳು ಬಿದ್ರೆ ಇನ್ನೊಂದಕ್ಕೆ ತೊಂದ್ರೆ ಇಲ್ಲ, 5 ಮತ್ತು 5 ಆಗಲೇಬೇಕು ಅಂತಾನೂ ಇಲ್ಲ, 6 ಮತ್ತು 4 ಹಾಕಬಹುದು, ದಿಕ್ಕು ಬೇರೆ ಇರಬಹುದು, ಪ್ಯಾನೆಲ್ ಮಾಡೆಲ್ಲೇ ಬೇರೆ ಇರಬಹುದು. ಆದ್ರೆ ಈ 6 ಮತ್ತು 4ನ್ನ ಒಂದೇ ಎಂಪಿಪಿಟಿಗೆ ಪ್ಯಾರಲಲ್ ಮಾತ್ರ ಮಾಡಬೇಡಿ. 6ರದ್ದು 250 ವೋಲ್ಟಲ್ಲಿ ಕೆಲಸ ಮಾಡ್ಬೇಕು, 4ರದ್ದು 166ರಲ್ಲಿ. ಎರಡೂ ಒಂದೇ ತಂತಿಗೆ ಕಟ್ಟಿರೋದ್ರಿಂದ ಒಂದೇ ವೋಲ್ಟೇಜಿಗೆ ಬರಲೇಬೇಕು, 250ಕ್ಕೆ ಹೋದ್ರೆ 4ರ ಸ್ಟ್ರಿಂಗ್ ತನ್ನ ವಿಓಸಿ 198ನ್ನೇ ದಾಟಿ ಕರೆಂಟ್ ಕೊಡೋ ಬದ್ಲು ಹೀರ್ಕೊಳ್ಳೋಕೆ ಶುರು ಮಾಡತ್ತೆ, 166ರ ಸುತ್ತ ನಿಂತ್ರೆ ಒಟ್ಟು 5.4 ಕಿಲೋವ್ಯಾಟ್ ಬರಬೇಕಾದಲ್ಲಿ 4.4ರ ಆಸುಪಾಸು ಬರತ್ತೆ.

ಇನ್ನು 150 ವೋಲ್ಟ್ ಲಿಮಿಟ್ಟಿನ ಎಂಪಿಪಿಟಿ, 48 ವೋಲ್ಟ್ ಬ್ಯಾಟರಿ ಸಿಸ್ಟಮ್ಮುಗಳಲ್ಲಿ ಇದು ಬಹಳ ಕಾಣತ್ತೆ. ಇಲ್ಲೂ ಅದೇ ಬೋನು: 3 ಪ್ಯಾನೆಲ್ 148.5, ಒಳಗಿದೆ ಅನ್ಸತ್ತೆ, 5 ಡಿಗ್ರಿಗೆ 156.5. ಅಂದ್ರೆ ಈ ಪ್ಯಾನೆಲ್ಲಿಗೆ 2ಕ್ಕಿಂತ ಜಾಸ್ತಿ ಸೀರೀಸಲ್ಲಿ ಹಾಕೋ ಹಾಗಿಲ್ಲ. 2ರ ಸ್ಟ್ರಿಂಗ್ ಬಿಸಿಲಲ್ಲಿ 70 ವೋಲ್ಟ್ ಕೊಡತ್ತೆ, 56, 57 ವೋಲ್ಟಿಗೆ ಬ್ಯಾಟರಿ ತುಂಬಿಸೋಕೆ ಸಾಲತ್ತೆ. ಹತ್ತು ಪ್ಯಾನೆಲ್ ಅಂದ್ರೆ ಇಂಥ ಐದು ಸ್ಟ್ರಿಂಗ್ ಪ್ಯಾರಲಲ್, 65 ಆಂಪ್. ಎಲ್ಲಾ ಸೇರ್ಸಿ ಆ 6 ಚದರ ಮಿಲಿಮೀಟರ್ ಕೇಬಲ್ಲಲ್ಲೇ ಕಳಿಸ್ತೀನಿ ಅಂದ್ರೆ ಲೆಕ್ಕದ ಪ್ರಕಾರ 570 ವ್ಯಾಟ್ ಬಿಸಿಯಾಗಿ ಹೋಗತ್ತೆ, ಅಷ್ಟು ಕರೆಂಟಿಗೆ ಆ ಕೇಬಲ್ ಬಳಸೋದೇ ಅಪಾಯ. ದಪ್ಪ ಕೇಬಲ್, ಕಂಬೈನರ್ ಬಾಕ್ಸ್ (ಸ್ಟ್ರಿಂಗುಗಳನ್ನ ಒಂದುಗೂಡಿಸೋ ಪೆಟ್ಟಿಗೆ), ಐದಕ್ಕೂ ಫ್ಯೂಸ್ ಬೇಕಾಗತ್ತೆ, ಜಾಯಿಂಟ್ ಜಾಸ್ತಿ, ಒಂದೊಂದು ಜಾಯಿಂಟೂ ಸಡಿಲಾದ್ರೆ ಬಿಸಿಯಾಗೋ ಜಾಗ. ಒಂದು ಒಳ್ಳೇ ಗುಣ ಒಪ್ಪಿಕೊಳ್ಳಲೇಬೇಕು, 5 ಡಿಗ್ರಿ ಚಳೀಲೂ 105 ವೋಲ್ಟ್ ದಾಟಲ್ಲ, ಶಾಕ್ ಅಪಾಯ 470 ವೋಲ್ಟ್ ಡಿಸಿಗೆ ಹೋಲಿಸಿದ್ರೆ ಬಹಳ ಕಮ್ಮಿ. ನಾಲ್ಕು ಪ್ಯಾನೆಲ್ಲಿನ ಸಣ್ಣ ಸಿಸ್ಟಮ್ಮಿಗೆ ಇದು ಸರಿಯಾದ ಆಯ್ಕೆ, ಹತ್ತಕ್ಕೆ ಹೈ ವೋಲ್ಟೇಜ್ ಇನ್ವರ್ಟರ್ ಕಡೆ ಹೋಗೋದೇ ಲೇಸು.

ಛಾವಣಿ ತುಂಬಾ ತುಂಡುತುಂಡಾಗಿದ್ದು, ನೆರಳು ಗಂಟೆಗೊಂದು ಕಡೆ ಬೀಳೋ ಹಾಗಿದ್ರೆ ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಜರ್ (ಎರಡೂ ಪ್ಯಾನೆಲ್ ಹಿಂದೆನೇ ಕೂತು ಪ್ಯಾನೆಲ್ಲುಗಳನ್ನ ಬೇರೆಬೇರೆಯಾಗಿ ನೋಡ್ಕೊಳ್ಳೋ ಸಾಧನ) ನೋಡಿ, ಅಲ್ಲಿ ಈ ಸ್ಟ್ರಿಂಗ್ ಲೆಕ್ಕದ ರೀತಿನೇ ಬೇರೆ.

ಆಂಪ್ ಮತ್ತು ಫ್ಯೂಸ್

ಇನ್ವರ್ಟರಿಗೆ ಎರಡು ಆಂಪ್ ಲಿಮಿಟ್ ಇರತ್ತೆ, ಬಹಳ ಜನ ಒಂದನ್ನೇ ನೋಡ್ತಾರೆ. ಮ್ಯಾಕ್ಸಿಮಮ್ ಇನ್‌ಪುಟ್ ಕರೆಂಟ್ ಅನ್ನೋದು ಅದು ಎಳ್ಕೊಳ್ಳೋ ಮಿತಿ, ಪ್ಯಾನೆಲ್ ಅದಕ್ಕಿಂತ ಜಾಸ್ತಿ ಕೊಡೋ ಹಾಗಿದ್ರೆ ಉಳಿದಿದ್ದು ಸಿಗಲ್ಲ ಅಷ್ಟೇ. ಮ್ಯಾಕ್ಸಿಮಮ್ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅನ್ನೋದು ದಾಟಬಾರದ್ದು, ಒಳಗೆ ಏನಾದ್ರೂ ಕೆಟ್ಟಾಗ ಸ್ವಿಚ್ಚು, ಟ್ರ್ಯಾಕುಗಳು ಎಷ್ಟು ತಡ್ಕೊಳತ್ತೆ ಅನ್ನೋದರ ಲೆಕ್ಕ ಅದು. ನಿಮ್ಮ ಸ್ಟ್ರಿಂಗುಗಳ ಶಾರ್ಟ್ ಸರ್ಕ್ಯೂಟ್ ಆಂಪ್, ಅಂದ್ರೆ ಐಎಸ್‌ಸಿನೆಲ್ಲಾ ಕೂಡಿ 1.25ರಿಂದ ಗುಣಿಸಿ ಅದಕ್ಕೆ ಹೋಲಿಸಿ, ಯಾಕಂದ್ರೆ ಮೋಡದ ಅಂಚಿಂದ ಸೂರ್ಯ ಇಣುಕಿದಾಗ ಕೆಲವು ನಿಮಿಷ ಬಿಸಿಲು ಲ್ಯಾಬಲ್ಲಿ ಅಳೆಯುವಾಗಿನ ಚದರ ಮೀಟರಿಗೆ ಸಾವಿರ ವ್ಯಾಟನ್ನೂ ಮೀರತ್ತೆ. 5 ಮತ್ತು 5 ಪ್ಯಾರಲಲ್ಲಿಗೆ ಅದು 34.6 ಆಂಪ್, ಇಷ್ಟು ತಡೆಯೋ ಇನ್ವರ್ಟರ್ ಅಲ್ಲ ಅಂದ್ರೆ ಆ ದಾರಿ ಬಿಟ್ಬಿಡಿ.

ಪ್ಯಾನೆಲ್ ಕೊಳ್ಳೋ ಮುಂಚೆನೇ ಇದನ್ನ ನೋಡೋದು ಒಳ್ಳೇದು. 182 ಮಿಲಿಮೀಟರ್ ಸೆಲ್ಲಿನ ಪ್ಯಾನೆಲ್ 13, 14 ಆಂಪ್ ಕೊಟ್ರೆ, 210 ಮಿಲಿಮೀಟರ್ ಸೆಲ್ಲಿನ 600 ವ್ಯಾಟಿನ ದೊಡ್ಡವು 17ರ ಮೇಲೆ ಕೊಡತ್ತೆ. 13 ಆಂಪಿನ ಎಂಪಿಪಿಟಿಗೆ ಎರಡನೇದನ್ನ ಹಾಕಿದ್ರೆ ಒಳ್ಳೇ ಬಿಸಿಲಲ್ಲಿ ಹೆಚ್ಚುಕಮ್ಮಿ ಕಾಲುಭಾಗ ವ್ಯರ್ಥ.

ಫ್ಯೂಸ್ ಯಾವಾಗ ಬೇಕು ಅನ್ನೋದಕ್ಕೆ ಕಾರಣ ಗೊತ್ತಿದ್ರೆ ನಿಯಮ ಉರುಹೊಡೀಬೇಕಾಗಿಲ್ಲ. ಪ್ಯಾರಲಲ್ ಇರೋ ಸ್ಟ್ರಿಂಗುಗಳಲ್ಲಿ ಒಂದು ಶಾರ್ಟ್ ಆದ್ರೆ ಉಳಿದವೆಲ್ಲಾ ತಮ್ಮ ಕರೆಂಟನ್ನ ಅದರೊಳಕ್ಕೆ ಸುರಿಯತ್ತೆ. ಎರಡೇ ಇದ್ರೆ ಕೆಟ್ಟದ್ದಕ್ಕೆ ಬರೋದು ಇನ್ನೊಂದರ 13.85 ಆಂಪ್, ಪ್ಯಾನೆಲ್ ಸ್ಟಿಕ್ಕರಲ್ಲಿ ಮ್ಯಾಕ್ಸಿಮಮ್ ಸೀರೀಸ್ ಫ್ಯೂಸ್ 25 ಅಂತಿದ್ರೆ ಅದು ತಡ್ಕೊಳತ್ತೆ. ಮೂರಾದ್ರೆ 27.7 ನುಗ್ಗತ್ತೆ, 25 ದಾಟ್ತು, ಪ್ಯಾನೆಲ್ಲೇ ಬೆಂಕಿಗೆ ಕಾರಣ ಆಗಬಹುದು. ಹಾಗಾಗಿ ಮೂರು ಅಥವಾ ಜಾಸ್ತಿ ಇದ್ರೆ ಪ್ರತಿ ಸ್ಟ್ರಿಂಗಿಗೂ ಡಿಸಿ ಪಿವಿ ಫ್ಯೂಸ್, ಐಎಸ್‌ಸಿಯ ಒಂದೂವರೆ ಪಟ್ಟಿಗಿಂತ ಮೇಲೆ, ಸ್ಟಿಕ್ಕರಿನ ನಂಬರ್ ಮೀರದ ಹಾಗೆ, ಇಲ್ಲಿ 25. ಮನೇಲಿರೋ ಎಸಿ ಫ್ಯೂಸು, ಎಸಿ ಎಂಸಿಬಿ ಇಲ್ಲಿಗೆ ತರಲೇಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರತ್ತೆ, ಆಗ ಕಿಡಿ ತಾನೇ ಆರತ್ತೆ, ಡಿಸಿಲಿ ಆ ಸೊನ್ನೆನೇ ಇಲ್ಲ, ಆರ್ಕ್ ಹತ್ತಿದ್ರೆ ಉರೀತಾನೇ ಇರತ್ತೆ. ಓಡ್ತಿರೋವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ಕೇಬಲ್ಲುಗಳನ್ನ ಸೇರ್ಸೋ ಪ್ಲಗ್) ಕೀಳಬಾರ್ದು ಅನ್ನೋದೂ ಇದಕ್ಕೇ: ಮೊದ್ಲು ಇನ್ವರ್ಟರ್ ಆಫ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್), ಕರೆಂಟ್ ಹರೀತಿಲ್ಲ ಅಂತ ಕ್ಲ್ಯಾಂಪ್ ಮೀಟರಲ್ಲಿ ನೋಡಿ, ಆಮೇಲೆ ಕನೆಕ್ಟರ್.

ಬೇರೆಬೇರೆ ಪ್ಯಾನೆಲ್ ಸೇರ್ಸೋದಾದ್ರೆ

ಸೀರೀಸಲ್ಲಿ ಆಂಪ್ ಹೊಂದಬೇಕು, ಪ್ಯಾರಲಲ್ಲಲ್ಲಿ ವೋಲ್ಟ್ ಹೊಂದಬೇಕು. 9 ಆಂಪಿನ ಹಳೇ 330 ವ್ಯಾಟ್ ಪ್ಯಾನೆಲ್ಲನ್ನ 13 ಆಂಪಿನ ಸ್ಟ್ರಿಂಗ್ ಮಧ್ಯ ಸೇರ್ಸಿದ್ರೆ ಒಂದೋ ಇಡೀ ಸಾಲು 9ಕ್ಕೆ ಇಳಿಯತ್ತೆ, ಇಲ್ಲಾ ಬೈಪಾಸ್ ಡಯೋಡ್ ಆ ಹಳೇದನ್ನ ಪಕ್ಕಕ್ಕಿಟ್ಟು ಅದರಿಂದ ಏನೂ ಸಿಗಲ್ಲ. ಪೂರ್ವಕ್ಕೆ 5, ಪಶ್ಚಿಮಕ್ಕೆ 5 ಇರೋ ಛಾವಣಿ ಇದ್ರೆ ಅವನ್ನ ಒಂದೇ ಸೀರೀಸಲ್ಲಿ ಬೆರೆಸಬೇಡಿ, ಆದ್ರೆ ಎರಡು ಸ್ಟ್ರಿಂಗ್ ಮಾಡಿ ಒಂದೇ ಎಂಪಿಪಿಟಿಗೆ ಪ್ಯಾರಲಲ್ ಕೊಟ್ರೆ ನಷ್ಟ ಜನ ಅಂದ್ಕೊಂಡಷ್ಟಿಲ್ಲ, ಯಾಕಂದ್ರೆ ಬಿಸಿಲು ಕಮ್ಮಿಯಾದ್ರೆ ಬೀಳೋದು ಮುಖ್ಯವಾಗಿ ಆಂಪ್, ವೋಲ್ಟೇಜ್ ಎರಡೂ ಕಡೆ ಹತ್ತಿರತ್ತಿರಾನೇ ಇರತ್ತೆ.

ಜೋಡಿಸೋ ದಿನ

ಇನ್ವರ್ಟರಿಗಾಗಲಿ, ವೈ ಕನೆಕ್ಟರಿಗಾಗಲಿ ಚುಚ್ಚೋ ಮುಂಚೆ ಪ್ರತಿ ಸ್ಟ್ರಿಂಗನ್ನೂ ಸಾವಿರ ವೋಲ್ಟ್ ಡಿಸಿ ರೇಟಿಂಗಿನ ಮಲ್ಟಿಮೀಟರಲ್ಲಿ ಅಳೀರಿ. ಪ್ಯಾನೆಲ್ 50 ಡಿಗ್ರಿ ಕಾಯ್ದಿದ್ರೆ ನಮ್ಮ 5ರ ಸ್ಟ್ರಿಂಗ್ 231ರ ಸುತ್ತ ತೋರಿಸ್ಬೇಕು. 185 ಬಂದ್ರೆ ಒಂದು ಪ್ಯಾನೆಲ್ ಸೇರೇ ಇಲ್ಲ. 215 ಬಂದ್ರೆ ಯಾವುದೋ ಒಂದರಲ್ಲಿ ಬೈಪಾಸ್ ಡಯೋಡ್ ಶಾರ್ಟ್ ಆಗಿ ಮೂರನೇ ಒಂದು ಭಾಗ ಹೋಗಿದೆ ಅಂತ ಅನುಮಾನ ಪಡಿ. ಎರಡು ಸ್ಟ್ರಿಂಗಿನ ಮಧ್ಯ ನಾಲ್ಕೈದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಪ್ಯಾರಲಲ್ ಮಾಡೋದನ್ನ ನಿಲ್ಸಿ, ಕಾರಣ ಹುಡುಕಿ. ಮೀಟರ್ ಮೈನಸ್ ತೋರಿಸಿದ್ರೆ ಆ ಕೇಬಲ್ಲಿನ ಕನೆಕ್ಟರ್ ಉಲ್ಟಾ ಕ್ರಿಂಪ್ ಆಗಿದೆ, ಕಣ್ಣಿಗೆ ಗಂಡು ಹೆಣ್ಣು ಸರಿಯಾಗೇ ಕಂಡ್ರೂ ಸರಿ, ಮೀಟರ್ ಹೇಳಿದ್ದೇ ನಿಜ. ಹಾಗೇ ಪ್ಯಾರಲಲ್ ಮಾಡಿದ್ರೆ ಎರಡೂ ಸ್ಟ್ರಿಂಗ್ ಒಂದಕ್ಕೊಂದು ಶಾರ್ಟ್ ಆಗಿ, ಇನ್ವರ್ಟರಿನ ಸ್ವಿಚ್ ಆಫ್ ಮಾಡಿದ್ರೂ ಬಿಸಿಲಿರೋವರೆಗೆ ಕರೆಂಟ್ ಸುತ್ತುತ್ತಾನೇ ಇರತ್ತೆ. ಆ ಕನೆಕ್ಟರನ್ನ ಕತ್ತರಿಸಿ, ಹೊಸದು ಕ್ರಿಂಪ್ ಮಾಡಿ, ಮತ್ತೆ ಅಳೆದು, ಪ್ಲಸ್ 231 ಬಂದ್ಮೇಲೆ ಚುಚ್ಚಿ.